ಮಗಳು ಕಾಲೇಜು ಸಾಕರ್ ಕೋಚ್ ಆಗ್ತೀನಿ ಅಂತಾಳೆ, ಇದೂ ಒಂದು ಕೆಲಸವಾ?

ಪ್ರಶ್ನೆ: ನಾವು ಹಾಸನದ ಕಡೆಯವರು. ಇಪ್ಪತ್ತನಾಲ್ಕು ವರ್ಷದಿಂದ ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿದ್ದೇವೆ. ಮಗಳು ಇಲ್ಲೇ ಹುಟ್ಟಿದವಳು. ಒಂದು ಸಣ್ಣ ಡಿವಿಜನ್ 3 (ಇಲ್ಲಿನ ಕಾಲೇಜು ಕ್ರೀಡೆಯ ಮೂರು ದರ್ಜೆಗಳಲ್ಲಿ ಮೂರನೆಯದು) ಕಾಲೇಜಿನಲ್ಲಿ ಬಯಾಲಜಿ ಓದುತ್ತಾ ಸಾಕರ್, ಅಂದರೆ ನಮ್ಮ ಫುಟ್‌ಬಾಲ್, ಆಡುತ್ತಾಳೆ, ಇದು ಕೊನೆಯ ವರ್ಷ. ಮುಂದೆ ಫಿಸಿಯೋಥೆರಪಿ ಓದುತ್ತಾಳೆ ಅಂದುಕೊಂಡಿದ್ದೆವು. ಈಗ ಇದ್ದಕ್ಕಿದ್ದ ಹಾಗೆ ಕಾಲೇಜು ಹುಡುಗಿಯರ ಟೀಮಿಗೆ ಹೆಡ್ ಕೋಚ್ ಆಗಬೇಕು ಅನ್ನುತ್ತಿದ್ದಾಳೆ. ಇದರಲ್ಲಿ ಜೀವನ ನಡೆಯುತ್ತದೆಯೇ? ಎಷ್ಟು ವರ್ಷ ಹಿಡಿಯುತ್ತದೆ? ಅವಳೇನೂ ಸ್ಟಾರ್ ಆಟಗಾರ್ತಿ ಅಲ್ಲ, ಅದನ್ನು ಅವಳೇ ಒಪ್ಪುತ್ತಾಳೆ. – ಒಬ್ಬ ತಾಯಿ

ಉತ್ತರ: ಮೊದಲು ನಿಮ್ಮ ಕೊನೆಯ ಮಾತಿಗೆ ಬರುತ್ತೇನೆ. ಅವಳು ಸ್ಟಾರ್ ಅಲ್ಲ ಅನ್ನುವುದು ಇಲ್ಲಿ ದೊಡ್ಡ ಅಡ್ಡಿಯೇ ಅಲ್ಲ. ನಾನು ಅಮೆರಿಕದ ಎರಡು ಕಾಲೇಜುಗಳಲ್ಲಿ ಒಟ್ಟು ಹದಿನಾಲ್ಕು ವರ್ಷ ಈ ಕೆಲಸ ಮಾಡಿದೆ, ಕೊನೆಯ ಆರು ವರ್ಷ ಹೆಡ್ ಕೋಚ್ ಆಗಿ. ಸಂದರ್ಶನಗಳಲ್ಲಿ 'ನೀವು ಎಷ್ಟು ಗೋಲು ಹೊಡೆದಿದ್ದೀರಿ' ಅಂತ ಒಬ್ಬರೂ ಕೇಳಲಿಲ್ಲ. 'ಮುಂದಿನ ವರ್ಷ ಎಷ್ಟು ಹುಡುಗಿಯರನ್ನು ಕರೆತರುತ್ತೀರಿ, ಎಲ್ಲಿಂದ ತರುತ್ತೀರಿ' ಅಂತ ಎಲ್ಲರೂ ಕೇಳಿದರು. ಈ ಕೆಲಸದ ಹೂರಣ ಅದು. ಮೈದಾನದಲ್ಲಿ ನಿಂತು ಶಿಳ್ಳೆ ಊದುವುದು ಮೇಲಿನ ಕಣಕ.

ಇಂಥ ಒಂದು ಉದ್ಯೋಗ ಹುಟ್ಟಿದ್ದೇ ಒಂದು ಕಾನೂನಿನಿಂದ. 1972ರಲ್ಲಿ ಬಂದ ಟೈಟಲ್ ನೈನ್, ಸರ್ಕಾರದ ದುಡ್ಡು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಬಾರದು ಅಂದಿತು. ಅದು ಆಟಕ್ಕೂ ಅನ್ವಯಿಸಿತು. ಆಗ ಕಾಲೇಜುಗಳಿಗೆ ಒಂದು ಲೆಕ್ಕದ ತಲೆನೋವು ಶುರುವಾಯಿತು. ಅಮೆರಿಕನ್ ಫುಟ್‌ಬಾಲ್ ಒಂದಕ್ಕೇ ದೊಡ್ಡ ಕಾಲೇಜುಗಳು 85 ಅಥವಾ ಅದಕ್ಕೂ ಹೆಚ್ಚು ಗಂಡುಹುಡುಗರಿಗೆ ಸ್ಕಾಲರ್‌ಶಿಪ್ ಕೊಡುತ್ತಿದ್ದವು. ತಕ್ಕಡಿಯ ಇನ್ನೊಂದು ತಟ್ಟೆಗೆ ಹೆಣ್ಣುಮಕ್ಕಳ ಯಾವ ಆಟ ಹಾಕುವುದು? ಸಾಕರ್ ಕೈಗೆ ಸಿಕ್ಕಿತು. ಒಂದು ಮೈದಾನ, ಎರಡು ಗೋಲ್‌ಪೋಸ್ಟ್, ಇಪ್ಪತ್ತೈದು ಮೂವತ್ತು ಹುಡುಗಿಯರು. ಖರ್ಚು ಕಡಿಮೆ, ತಲೆ ಎಣಿಕೆ ಜಾಸ್ತಿ. ಇವತ್ತು ಡಿವಿಜನ್ 1ರಲ್ಲೇ ಸುಮಾರು 350 ಮಹಿಳಾ ಸಾಕರ್ ತಂಡಗಳಿವೆ, ಗಂಡಸರ ತಂಡಗಳಿಗಿಂತ ಎಷ್ಟೋ ಜಾಸ್ತಿ. ಮೂರು ಡಿವಿಜನ್ ಸೇರಿಸಿದರೆ ಸಾವಿರ ದಾಟುತ್ತದೆ. ಅಂದರೆ ಸಾವಿರಕ್ಕೂ ಹೆಚ್ಚು ಹೆಡ್ ಕೋಚ್ ಕುರ್ಚಿಗಳು. ಜಗತ್ತಿನ ಬೇರೆ ಯಾವ ದೇಶದಲ್ಲೂ ಹೆಣ್ಣುಮಕ್ಕಳ ಫುಟ್‌ಬಾಲ್ ಕಲಿಸುವುದಕ್ಕೆ ಇಷ್ಟು ಸಂಬಳದ ಕೆಲಸಗಳಿಲ್ಲ. ಹಾಗಾಗಿ ನಿಮ್ಮ ಮಗಳು ಗಾಳಿಗೋಪುರ ಕಟ್ಟುತ್ತಿಲ್ಲ.

ಆದರೆ ಒಂದು ವಿಚಿತ್ರ ನಡೆದಿದೆ. ಆ ಕಾನೂನು ಬರುವ ಮುಂಚೆ ಕಾಲೇಜು ಮಹಿಳಾ ತಂಡಗಳಿಗೆ ನೂರಕ್ಕೆ 90ಕ್ಕೂ ಹೆಚ್ಚು ಕಡೆ ಹೆಂಗಸರೇ ಕೋಚ್. ಹೆಚ್ಚಿನವರು ಪುಕ್ಕಟೆ, ಇಲ್ಲವೇ ಅಷ್ಟಿಷ್ಟು ದುಡ್ಡಿಗೆ ದುಡಿಯುತ್ತಿದ್ದರು. ಸಂಬಳ ಬಂದ ಮೇಲೆ ಗಂಡಸರೂ ಬಂದರು. ಈಗ ಎಲ್ಲ ಆಟ ಸೇರಿಸಿ ನೋಡಿದರೂ ಹೆಂಗಸರ ಪಾಲು ಅರ್ಧಕ್ಕಿಂತ ಕಡಿಮೆ. ಸಾಕರ್‌ನಲ್ಲಿ ಇನ್ನೂ ಕಡಿಮೆ. ಮಗಳು ಸಂದರ್ಶನದ ಕೋಣೆಗೆ ಹೋದಾಗ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗೊತ್ತಿರಲಿ ಅಷ್ಟೆ.

ನೀವು ನಾರ್ತ್ ಕ್ಯಾರೊಲೈನಾದಲ್ಲೇ ಇರುವುದರಿಂದ ಆನ್ಸನ್ ಡೊರಾನ್ಸ್ ಹೆಸರು ಕಿವಿಗೆ ಬಿದ್ದಿರಬಹುದು. 1951ರಲ್ಲಿ ನಮ್ಮ ಮುಂಬಯಿಯಲ್ಲೇ ಹುಟ್ಟಿದವರು. ಅಪ್ಪ ತೈಲ ಕಂಪನಿಯಲ್ಲಿದ್ದರು, ಹಾಗಾಗಿ ಬಾಲ್ಯವೆಲ್ಲ ಊರೂರು ಸುತ್ತಾಟ. ಚಾಪೆಲ್ ಹಿಲ್‌ನ ಯೂನಿವರ್ಸಿಟಿ ಆಫ್ ನಾರ್ತ್ ಕ್ಯಾರೊಲೈನಾದಲ್ಲಿ ಆಡಿದರು, ಆಮೇಲೆ ಅಲ್ಲೇ ಗಂಡಸರ ತಂಡಕ್ಕೆ ಕೋಚ್ ಆದರು. ಕಾನೂನು ಓದುತ್ತಿದ್ದವರು ಅದನ್ನು ಅರ್ಧಕ್ಕೆ ಬಿಟ್ಟರು. ಅವರ ಮನೆಯಲ್ಲೂ ನಿಮ್ಮ ಮನೆಯಲ್ಲಿ ಆದಂಥ ಮಾತುಕತೆ ಆಗಿರಬೇಕು, ಅಲ್ವಾ? 1979ರಲ್ಲಿ ಮಹಿಳಾ ತಂಡ ಶುರುವಾದಾಗ ಅದನ್ನೂ ಇವರಿಗೇ ವಹಿಸಿದರು. 1982ರಲ್ಲಿ ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಮೊದಲ ಸಲ ಮಹಿಳಾ ಸಾಕರ್ ಚಾಂಪಿಯನ್‌ಶಿಪ್ ನಡೆಸಿತು. ಅಲ್ಲಿಂದ 2012ರೊಳಗೆ ಡೊರಾನ್ಸ್ ಅದನ್ನು 21 ಸಲ ಗೆದ್ದರು. ನಡುವೆ ಅಮೆರಿಕದ ರಾಷ್ಟ್ರೀಯ ತಂಡವನ್ನೂ ನೋಡಿಕೊಂಡು 1991ರ ಮೊದಲ ಮಹಿಳಾ ವಿಶ್ವಕಪ್ ಗೆಲ್ಲಿಸಿದರು.

ಅವರ ಅಭ್ಯಾಸದ ಪದ್ಧತಿ ಈಗ ಎಲ್ಲರಿಗೂ ಗೊತ್ತು. ಅದೇ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್ ಡೀನ್ ಸ್ಮಿತ್ ಅಭ್ಯಾಸದಲ್ಲಿ ಪ್ರತಿಯೊಂದನ್ನೂ ಬರೆದಿಡುತ್ತಿದ್ದುದನ್ನು ನೋಡಿ ಕಲಿತದ್ದು. ಓಟ, ಹೆಡಿಂಗ್, ಒಬ್ಬರಿಗೊಬ್ಬರು ಎದುರಾಗುವ ಆಟ, ಎಲ್ಲಕ್ಕೂ ಅಂಕ. ಎಲ್ಲರಿಗೂ ರ‍್ಯಾಂಕ್. ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಅಂಟಿಸುವುದು. ನಾನೂ ಒಂದು ಸೀಸನ್ ಇದನ್ನು ಮಾಡಿ ನೋಡಿದೆ. ಮೂರನೇ ವಾರಕ್ಕೆ ಪಟ್ಟಿಯ ಕೆಳಗಿನ ಐದು ಹುಡುಗಿಯರು ಗೋಡೆಯ ಕಡೆ ನೋಡುವುದನ್ನೇ ಬಿಟ್ಟರು. ಅವರಲ್ಲಿ ಇಬ್ಬರು ನನಗೆ ತುಂಬಾ ಬೇಕಾದವರು. ಪಟ್ಟಿ ಕಿತ್ತು ಹಾಕಿದೆ. ಚಾಪೆಲ್ ಹಿಲ್‌ಗೆ ಬರುತ್ತಿದ್ದವರು ಮುಂದೆ ಅಮೆರಿಕ ತಂಡದ ತಾರೆಯರಾದ ಮಿಯಾ ಹ್ಯಾಮ್, ಕ್ರಿಸ್ಟೀನ್ ಲಿಲ್ಲಿಯಂಥವರು. ನನ್ನ ಹತ್ತಿರ ಬರುತ್ತಿದ್ದವರು ಮೊದಲು ನರ್ಸಿಂಗ್ ಸೀಟು, ಆಮೇಲೆ ಸಾಕರ್ ಅನ್ನುವ ಹುಡುಗಿಯರು. ದೊಡ್ಡವರ ಪದ್ಧತಿಯನ್ನು ಹಾಗೇ ತಂದು ಸಣ್ಣ ಕಾಲೇಜಿನಲ್ಲಿ ನೆಟ್ಟರೆ ಬೇರು ಹಿಡಿಯಲ್ಲ.

ಈಗ ಏಣಿಯ ವಿಷಯ. ಸಾಮಾನ್ಯವಾಗಿ ಶುರುವಾಗುವುದು ಗ್ರ್ಯಾಜುಯೇಟ್ ಅಸಿಸ್ಟೆಂಟ್ ಆಗಿ. ಎಂ.ಎ. ಅಥವಾ ಎಂ.ಎಸ್. ಫೀಸು ಮಾಫಿ, ಕೈಗೆ ಒಂದಿಷ್ಟು ಪುಡಿಗಾಸು, ಅದೃಷ್ಟವಿದ್ದರೆ ಹಾಸ್ಟೆಲಿನಲ್ಲಿ ಒಂದು ಕೋಣೆ. ನನ್ನ ಮೊದಲ ವರ್ಷದ ಕೆಲಸ ಕೇಳಿ: ವ್ಯಾನ್ ಓಡಿಸುವುದು, ಬೆವರಿನ ಬಿಬ್ ಒಗೆಯುವುದು, ಊರು ಬಿಟ್ಟು ಹೋದಾಗ 26 ಸ್ಯಾಂಡ್‌ವಿಚ್ ಎಣಿಸಿ ಕೊಡುವುದು. ಒಂದು ಶನಿವಾರ 25 ತಂದಿದ್ದೆ. ಗೋಲ್‌ಕೀಪರ್‌ಗೆ ಸಿಗಲಿಲ್ಲ. ಆ ದಿನ ನಾವು ಸೋತೆವು. ಸ್ಯಾಂಡ್‌ವಿಚ್‌ಗೂ ಸೋಲಿಗೂ ಸಂಬಂಧ ಇಲ್ಲ ಅಂತ ಹೆಡ್ ಕೋಚ್ ಹೇಳಿದರು, ಆದರೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

ಮುಂಚೆ ಪುಕ್ಕಟೆ ದುಡಿಯುವ ವಾಲಂಟಿಯರ್ ಕೋಚ್ ಅಂತ ಒಂದು ಹುದ್ದೆಯೂ ಇತ್ತು. 2023ರಲ್ಲಿ ಡಿವಿಜನ್ 1ರಲ್ಲಿ ಅದನ್ನು ತೆಗೆದು ಹಾಕಿದರು, ಒಳ್ಳೆಯದೇ ಆಯಿತು. ಅಪ್ಪನ ಮನೆಯಿಂದ ದುಡ್ಡು ಬರುವವರು ಮಾತ್ರ ಏರಬಹುದಾದ ಮೆಟ್ಟಿಲು ಅದು.

ಅಸಿಸ್ಟೆಂಟ್ ಆಗಿ ಎಷ್ಟು ವರ್ಷ ಅನ್ನುವುದಕ್ಕೆ ಒಂದೇ ಲೆಕ್ಕ ಇಲ್ಲ. ಸಣ್ಣ ಕಾಲೇಜಿನಲ್ಲಿ ಐದಾರು ವರ್ಷಕ್ಕೇ ಹೆಡ್ ಕೋಚ್ ಆಗುವವರಿದ್ದಾರೆ. ದೊಡ್ಡ ಕಡೆ ಹತ್ತು ಹದಿನೈದು ವರ್ಷ ಕಾಯುವವರೂ ಇದ್ದಾರೆ. ಮಾರ್ಗರೀಟ್ ಅಯೋಜಾಸಾ ವರ್ಷಗಟ್ಟಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಅಸಿಸ್ಟೆಂಟ್ ಆಗಿದ್ದು, ಆಮೇಲೆ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಹೆಡ್ ಕೋಚ್ ಆಗಿ ಹೋದರು. ಮೊದಲ ಸೀಸನ್ನಿನಲ್ಲೇ, 2022ರಲ್ಲಿ, ರಾಷ್ಟ್ರೀಯ ಚಾಂಪಿಯನ್. ಫೈನಲ್‌ನಲ್ಲಿ ನಾರ್ತ್ ಕ್ಯಾರೊಲೈನಾ ಎದುರು ಎರಡು ಗೋಲು ಹಿಂದಿದ್ದರು. ಕೊನೆಯ ಕೆಲವೇ ಸೆಕೆಂಡು ಉಳಿದಿದ್ದಾಗ ಸಮ ಮಾಡಿ, ಹೆಚ್ಚುವರಿ ಸಮಯದಲ್ಲಿ 3-2ರಿಂದ ಗೆದ್ದರು. ಡೊರಾನ್ಸ್ ನಿವೃತ್ತಿಯೂ ಹೀಗೇ ಒಬ್ಬ ಅಸಿಸ್ಟೆಂಟ್‌ಗೆ ಬಾಗಿಲು ತೆರೆಯಿತು. 2024ರ ಆಗಸ್ಟ್‌ನಲ್ಲಿ, ಸೀಸನ್ ಶುರುವಾಗಲು ಇನ್ನೇನು ಕೆಲವೇ ದಿನ ಇದ್ದಾಗ ಅವರು ಸಾಕು ಅಂದರು. ಬಹಳ ಕಾಲದಿಂದ ಅವರ ಜೊತೆಗಿದ್ದ ಡೇಮನ್ ನಹಾಸ್‌ಗೆ ತಾತ್ಕಾಲಿಕವಾಗಿ ತಂಡ ಕೊಟ್ಟರು. ಡಿಸೆಂಬರ್‌ನಲ್ಲಿ ನಿಮ್ಮ ರಾಜ್ಯದ ಕ್ಯಾರಿ ಊರಿನಲ್ಲೇ ನಡೆದ ಫೈನಲ್‌ನಲ್ಲಿ ವೇಕ್ ಫಾರೆಸ್ಟ್ ಮೇಲೆ 1-0. ಆಮೇಲೆ 'ತಾತ್ಕಾಲಿಕ' ಅನ್ನುವ ಪದ ಉಳಿಯುತ್ತದೆಯೇ?

ಇಂಥ ಕಥೆಗಳನ್ನೇ ಕೇಳಿದರೆ ತಪ್ಪು ಲೆಕ್ಕ ಆಗುತ್ತದೆ. ನನಗೆ ಹೆಚ್ಚು ಇಷ್ಟವಾಗುವುದು ಜಿಲ್ ಎಲ್ಲಿಸ್ ದಾರಿ. ಇಂಗ್ಲೆಂಡಿನಲ್ಲಿ ಹುಟ್ಟಿದ ಹುಡುಗಿ. ಅಪ್ಪ ಫುಟ್‌ಬಾಲ್ ಕೋಚ್. ಆದರೂ ಅಲ್ಲಿ ಹುಡುಗಿಯರಿಗೆ ಸರಿಯಾದ ತಂಡವೇ ಇರಲಿಲ್ಲ. ಹದಿಹರೆಯದಲ್ಲಿ ಅಮೆರಿಕಕ್ಕೆ ಬಂದ ಮೇಲೆಯೇ ತಂಡದಲ್ಲಿ ಆಡಿದ್ದು. ಓದಿದ್ದು ಇಂಗ್ಲಿಷ್, ಟೆಕ್ನಿಕಲ್ ರೈಟಿಂಗ್. ಕಂಪನಿಯೊಂದರಲ್ಲಿ ಅದೇ ಕೆಲಸ ಮಾಡುತ್ತಿದ್ದವರು ಬಿಟ್ಟು ಕೋಚಿಂಗ್‌ಗೆ ಬಂದರು. ಮೂರು ಕಡೆ ಅಸಿಸ್ಟೆಂಟ್, ಇಲಿನಾಯ್‌ನಲ್ಲಿ ಎರಡು ವರ್ಷ ಹೆಡ್ ಕೋಚ್, 1999ರಿಂದ 2010ರವರೆಗೆ ಯುಸಿಎಲ್‌ಎ. ಅಲ್ಲಿ 2003ರಿಂದ 2009ರವರೆಗೆ ತಂಡ ವರ್ಷ ವರ್ಷವೂ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್‌ಗೆ ಬರುತ್ತಿತ್ತು. ಒಮ್ಮೆಯೂ ಕಪ್ ಸಿಗಲಿಲ್ಲ. 'ಎಲ್ಲಿಸ್‌ಗೆ ದೊಡ್ಡ ಪಂದ್ಯ ಗೆಲ್ಲೋಕೆ ಆಗಲ್ಲ' ಅನ್ನುವ ಮಾತು ನಾನೇ ಕಾಫಿ ಸಾಲುಗಳಲ್ಲಿ ಕೇಳಿದ್ದೇನೆ. ಆಮೇಲೆ ಅವರು ಅಮೆರಿಕದ ರಾಷ್ಟ್ರೀಯ ತಂಡಕ್ಕೆ ಕೋಚ್ ಆಗಿ 2015 ಮತ್ತು 2019ರ ವಿಶ್ವಕಪ್ ಎರಡನ್ನೂ ಗೆದ್ದರು. ಕಾಫಿ ಸಾಲಿನವರು ಮಾತು ಬದಲಿಸಿದರು.

ಈಗ ನಾನು ಹೂರಣ ಅಂದೆನಲ್ಲ, ಆ ರಿಕ್ರೂಟಿಂಗ್, ಹುಡುಗಿಯರನ್ನು ಹುಡುಕಿ ಕರೆತರುವ ಕೆಲಸ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕೋಚ್ ಆಗಬಯಸುವ ಹುಡುಗಿಯರು ಸಾಮಾನ್ಯವಾಗಿ ಇದನ್ನು ಕಂಡೇ ಇರುವುದಿಲ್ಲ. ಯಾವುದೋ ಊರ ಹೊರಗಿನ ಕ್ರೀಡಾ ಸಂಕೀರ್ಣ. ಹತ್ತು ಹನ್ನೆರಡು ಮೈದಾನ, ಎಲ್ಲದರಲ್ಲೂ ಏಕಕಾಲಕ್ಕೆ ಹದಿನಾರು ಹದಿನೇಳರ ಹುಡುಗಿಯರ ಕ್ಲಬ್ ಪಂದ್ಯ. ಗೆರೆಯ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕಾಲೇಜಿನ ಲೋಗೋ ಇರುವ ಜಾಕೆಟ್ ತೊಟ್ಟ ಕೋಚ್‌ಗಳ ಸಾಲು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ. ಡಿಸೆಂಬರ್ ಮಳೆಯಲ್ಲಿ ನೋಟ್‌ಬುಕ್ ಒದ್ದೆಯಾಗಿ ಹೆಸರುಗಳೆಲ್ಲ ಕಲಸಿಹೋಗುತ್ತವೆ. ಡಿವಿಜನ್ 1ರ ಕೋಚ್ ಆದರೆ, ಹುಡುಗಿ ಹತ್ತನೇ ತರಗತಿ ಮುಗಿಸಿದ ವರ್ಷದ ಜೂನ್ 15ರವರೆಗೆ ಅವಳಿಗೆ ಒಂದು ಮೆಸೇಜ್ ಕಳಿಸುವಂತಿಲ್ಲ. ಆ ಮಧ್ಯರಾತ್ರಿ ಹನ್ನೆರಡು ಹೊಡೆದ ತಕ್ಷಣ ದೇಶದ ತುಂಬಾ ಕೋಚ್‌ಗಳ ಫೋನಿನಿಂದ ಮೆಸೇಜ್ ಹಾರುತ್ತವೆ. ನೋಡಲು ತಮಾಷೆ. ಆದರೆ ಮುಂದಿನ ನಾಲ್ಕು ವರ್ಷದ ತಂಡ ಅಲ್ಲೇ ತೀರ್ಮಾನ ಆಗುತ್ತಿರುತ್ತದೆ.

ಏನು ನೋಡುತ್ತೇವೆ? ಆಟ ಹೇಗಿದೆ ಅಂತ ಮೊದಲ ಹದಿನೈದು ನಿಮಿಷದಲ್ಲೇ ಗೊತ್ತಾಗುತ್ತದೆ. ನಾನು ಕಾಯುತ್ತಿದ್ದುದು ಅವಳನ್ನು ಆಟದಿಂದ ಹೊರಗೆ ಕರೆಯುವ ಗಳಿಗೆಗೆ. ಬೆಂಚಿಗೆ ಬಂದು ನೀರಿನ ಬಾಟಲಿ ಎಸೆಯುತ್ತಾಳಾ, ಒಳಗೆ ಹೋಗುವವಳ ಕೈ ತಟ್ಟುತ್ತಾಳಾ? ಕೂತ ಮೇಲೆ ಆಟ ನೋಡುತ್ತಾಳಾ ಇಲ್ಲ ಅಪ್ಪನ ಮುಖ ನೋಡುತ್ತಾಳಾ? ಒಬ್ಬಳು ಹುಡುಗಿಯ ಬಗ್ಗೆ ನನ್ನ ಹೆಡ್ ಕೋಚ್‌ಗೆ ಹಟ ಹಿಡಿದಿದ್ದೆ, 'ಬಾಟಲಿ ಎಸೆದರೇನಂತೆ, ಎಡಗಾಲು ನೋಡಿ' ಅಂತ. ಕರೆತಂದೆವು. ಎಡಗಾಲು ನಿಜಕ್ಕೂ ಚೆನ್ನಾಗಿತ್ತು. ಎರಡನೇ ವರ್ಷಕ್ಕೆ ಅರ್ಧ ತಂಡ ಅವಳ ಜೊತೆ ಮಾತು ಬಿಟ್ಟಿತ್ತು. ತಪ್ಪು ಅವಳದಲ್ಲ, ನನ್ನದು.

ದುಡ್ಡಿನ ಹಂಚಿಕೆಯೂ ಹೆಡ್ ಕೋಚ್ ತಲೆಮೇಲೆ. ಮೊನ್ನೆ ಮೊನ್ನೆಯವರೆಗೆ ಡಿವಿಜನ್ 1 ಮಹಿಳಾ ಸಾಕರ್‌ಗೆ 14 ಪೂರ್ತಿ ಸ್ಕಾಲರ್‌ಶಿಪ್‌ಗಳ ಮಿತಿ ಇತ್ತು, ಗಂಡಸರಿಗೆ 9.9. ಆ 14ನ್ನು ಇಪ್ಪತ್ತೆಂಟು ಮೂವತ್ತು ಹುಡುಗಿಯರಿಗೆ ಚೂರುಚೂರಾಗಿ ಹಂಚುವುದು. ಒಬ್ಬಳಿಗೆ ಮುಕ್ಕಾಲು, ಇನ್ನೊಬ್ಬಳಿಗೆ ಕಾಲು, ಮತ್ತೊಬ್ಬಳಿಗೆ ಬರೀ ಪುಸ್ತಕದ ದುಡ್ಡು. ಹಬ್ಬದ ದಿನ ಒಂದೇ ಕೊಬ್ಬರಿ ಮಿಠಾಯಿ ತಟ್ಟೆಯನ್ನು ನೆಂಟರಿಗೆಲ್ಲ ಕತ್ತರಿಸಿದ ಹಾಗೆ. ಯಾರಿಗೆ ದೊಡ್ಡ ತುಂಡು ಅಂತ ಎಲ್ಲರಿಗೂ ಗೊತ್ತಾಗಿಯೇ ಆಗುತ್ತದೆ. 2025ರ ಜೂನ್‌ನಲ್ಲಿ ಆಟಗಾರರಿಗೆ ದುಡ್ಡು ಕೊಡುವ ಬಗ್ಗೆ ನಡೆದ 'ಹೌಸ್' ಮೊಕದ್ದಮೆಯ ರಾಜಿಗೆ ಕೋರ್ಟು ಒಪ್ಪಿಗೆ ಕೊಟ್ಟ ಮೇಲೆ ಲೆಕ್ಕವೇ ಬದಲಾಯಿತು. ಆ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಈಗ ಸ್ಕಾಲರ್‌ಶಿಪ್ ಸಂಖ್ಯೆಗೆ ಮಿತಿ ಇಲ್ಲ, ತಂಡದ ತಲೆಗಳಿಗೆ ಮಿತಿ: 28. ಕೇಳಲು ಚಂದ. ಆದರೆ ಕಾಲೇಜಿಗೆ ಅಷ್ಟು ದುಡ್ಡು ಬೇಕಲ್ಲ? ಆಟಗಾರರಿಗೆ ನೇರವಾಗಿ ಹಂಚಬಹುದಾದ ದುಡ್ಡು ಮೊದಲ ವರ್ಷ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ. ಅದರ ದೊಡ್ಡ ಪಾಲು ಅಮೆರಿಕನ್ ಫುಟ್‌ಬಾಲ್ ಮತ್ತು ಗಂಡಸರ ಬ್ಯಾಸ್ಕೆಟ್‌ಬಾಲ್‌ಗೆ ಹೋಗುತ್ತದೆ. ಇಪ್ಪತ್ತೊಂಬತ್ತನೆಯ ಹುಡುಗಿಯನ್ನು ಕೋಣೆಗೆ ಕರೆದು 'ನಿನಗೆ ಜಾಗ ಇಲ್ಲ' ಅನ್ನುವ ಕೆಲಸ ಮಾತ್ರ ಹೆಡ್ ಕೋಚ್‌ದು. ಆ ಮಾತನ್ನು ಅಸಿಸ್ಟೆಂಟ್ ಕೈಲಿ ಹೇಳಿಸುವವರನ್ನು ಕಂಡಿದ್ದೇನೆ. ಅಂಥವರ ಕೈಕೆಳಗೆ ಮಗಳು ಕೆಲಸಕ್ಕೆ ಸೇರಬಾರದು.

2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂದ ಮೇಲೆ ಹುಡುಗಿಯರು ಕಾಲೇಜು ಬದಲಿಸುವುದು ಸುಲಭವಾಯಿತು. ಅವರ ದೃಷ್ಟಿಯಿಂದ ಅದು ನ್ಯಾಯವೇ. ಕೋಚ್ ಬೇಕಾದಾಗ ಬಿಟ್ಟು ಹೋಗಬಹುದು, ಹುಡುಗಿ ಹೋಗಬಾರದು ಅಂದರೆ ಹೇಗೆ? ಆದರೆ ಈಗ ನವೆಂಬರ್‌ನಲ್ಲಿ ಸೀಸನ್ ಮುಗಿದರೆ ವಿಶ್ರಾಂತಿ ಅನ್ನುವುದು ಹೋಯಿತು. ಸ್ವಂತ ತಂಡದವರನ್ನೇ ಮತ್ತೆ ಒಲಿಸಿಕೊಳ್ಳಬೇಕು.

ಸೀಸನ್ನಿನ ವಾರ ಹೀಗಿರುತ್ತದೆ: ಗುರುವಾರ ಒಂದು ಪಂದ್ಯ, ಭಾನುವಾರ ಒಂದು. ಆಗಸ್ಟ್‌ನಿಂದ ನವೆಂಬರ್ ಮೊದಲ ವಾರದವರೆಗೆ ಇದೇ ತಾಳ. ಆಮೇಲೆ 64 ತಂಡಗಳ ರಾಷ್ಟ್ರೀಯ ಟೂರ್ನಿ, ಜಾಗ ಸಿಕ್ಕರೆ. ನಿಯಮದ ಪ್ರಕಾರ ಹುಡುಗಿಯರ ಅಭ್ಯಾಸ ವಾರಕ್ಕೆ 20 ಗಂಟೆ ಮೀರುವಂತಿಲ್ಲ, ಒಂದು ದಿನ ರಜೆ ಕೊಡಲೇಬೇಕು. ಕೋಚ್‌ಗೆ ಅಂಥ ನಿಯಮ ಏನೂ ಇಲ್ಲ. ರಜೆಯ ಸೋಮವಾರ ವಿಡಿಯೋ ನೋಡುವುದು, ಬಸ್ ಬುಕ್ ಮಾಡುವುದು, ಕೆಮಿಸ್ಟ್ರಿ ಪರೀಕ್ಷೆ ಪಂದ್ಯದ ದಿನವೇ ಬಂದವಳಿಗಾಗಿ ಪ್ರೊಫೆಸರ್‌ಗೆ ಪತ್ರ ಬರೆಯುವುದು, ಮಂಡಿಯ ಲಿಗಮೆಂಟ್ ಹರಿದವಳ ಅಮ್ಮನ ಜೊತೆ ಫೋನಿನಲ್ಲಿ ಮುಕ್ಕಾಲು ಗಂಟೆ. ಮಂಡಿಯ ಈ ಗಾಯ ಹುಡುಗಿಯರಿಗೆ ಹುಡುಗರಿಗಿಂತ ಜಾಸ್ತಿ ಆಗುತ್ತದೆ. ನಿಮ್ಮ ಮಗಳ ಬಯಾಲಜಿ ಓದು ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಸಂದರ್ಶನದಲ್ಲಿ ಅದನ್ನು ಮುಚ್ಚಿಡದೆ ಹೇಳಲಿ.

ಸಂಬಳ ಕೇಳಿದಿರಿ. ಸಣ್ಣ ಕಾಲೇಜಿನ ಹೆಡ್ ಕೋಚ್‌ಗೆ ಸ್ಕೂಲ್ ಟೀಚರ್ ಸಂಬಳದ ಆಸುಪಾಸು. ಬೇಸಿಗೆಯಲ್ಲಿ ಮಕ್ಕಳ ಕ್ಯಾಂಪ್ ನಡೆಸಿ ಒಂದಷ್ಟು ಸೇರಿಸಿಕೊಳ್ಳುತ್ತಾರೆ. ದೊಡ್ಡ ಕಾನ್ಫರೆನ್ಸ್‌ಗಳ (ಕಾಲೇಜುಗಳ ಲೀಗ್‌ಗಳು) ಹೆಡ್ ಕೋಚ್‌ಗಳಿಗೆ ಲಕ್ಷ ಡಾಲರ್ ದಾಟಿ, ಕೆಲವರಿಗೆ ಅದರ ಎರಡು ಮೂರು ಪಟ್ಟು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇವು ಸಾರ್ವಜನಿಕ ದಾಖಲೆ, ಸುಮ್ನೆ ಊಹೆ ಮಾಡುವ ಬದಲು ನೀವೇ ಹುಡುಕಿ ನೋಡಬಹುದು. ಒಪ್ಪಂದ ಸಾಮಾನ್ಯವಾಗಿ ಕೆಲವೇ ವರ್ಷದ್ದು. ಹೊಸ ಅಥ್ಲೆಟಿಕ್ ಡೈರೆಕ್ಟರ್ ಬಂದರೆ ತಮಗೆ ಬೇಕಾದವರನ್ನು ತರಲು ನೋಡುತ್ತಾರೆ. ನನ್ನ ಕಡೆಯ ಕಾಲೇಜಿನಲ್ಲಿ ನನಗೆ ಆಗಿದ್ದೂ ಅದೇ. ಗೆಲುವು ಸೋಲಿಗಿಂತ ಜಾಸ್ತಿ ಇತ್ತು, ಆದರೂ ನವೆಂಬರ್‌ನ ಒಂದು ಮಂಗಳವಾರ ಹತ್ತು ನಿಮಿಷದ ಮೀಟಿಂಗ್‌ನಲ್ಲಿ ಮುಗಿಯಿತು. ರಟ್ಟಿನ ಪೆಟ್ಟಿಗೆ ಅವರೇ ತಂದಿಟ್ಟಿದ್ದರು.

ಡಿವಿಜನ್ 3ರ ಬಗ್ಗೆ ಒಂದು ಮಾತು. ಅವಳಿಗೆ ಗೊತ್ತಿರುವ ಜಗತ್ತು ಅದು, ಬಹುಶಃ ಅವಳ ಮೊದಲ ಕೆಲಸವೂ ಅಲ್ಲೇ. ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ, ಹುಡುಗಿಯರು ಫೀಸು ಕಟ್ಟಿ ಬರುತ್ತಾರೆ. ಹಾಗಾದರೆ ಸಣ್ಣ ಖಾಸಗಿ ಕಾಲೇಜು ಸಾಕರ್ ತಂಡ ಯಾಕೆ ಇಟ್ಟುಕೊಳ್ಳುತ್ತದೆ? ತಂಡ ಅಂದರೆ ಫೀಸು ಕಟ್ಟುವ ಮೂವತ್ತು ವಿದ್ಯಾರ್ಥಿನಿಯರು. ಕೋಚ್ ಅಂದರೆ ಅಡ್ಮಿಶನ್ ಆಫೀಸಿನ ಇನ್ನೊಂದು ಕೈ. ಹೀಗೆ ಹೇಳಿದರೆ ಕೆಲವು ಕೋಚ್‌ಗಳಿಗೆ ಸಿಟ್ಟು ಬರುತ್ತದೆ. ನನಗೆ ಇದರಲ್ಲಿ ಅವಮಾನ ಏನೂ ಕಾಣಲ್ಲ. ಕಾಲೇಜು ಉಳಿಯಬೇಕಲ್ಲ.

ಬೆಂಗಳೂರು, ಹಾಸನದಲ್ಲಿ ಕೂತು ಇದನ್ನು ಓದುವವರಿಗೂ ಅದೇ ಪ್ರಶ್ನೆ ಬರಬಹುದು. ನಮ್ಮಲ್ಲಿ ಕಾಲೇಜು ಮಹಿಳಾ ಫುಟ್‌ಬಾಲ್‌ಗೆ ಅಂತಲೇ ಹೆಡ್ ಕೋಚ್ ಇರುವುದು ಅಪರೂಪ. ಒಬ್ಬರೇ ದೈಹಿಕ ಶಿಕ್ಷಣ ನಿರ್ದೇಶಕರು ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್ ಎಲ್ಲ ನೋಡುತ್ತಾರೆ. ಫುಟ್‌ಬಾಲ್ ಕೋಚ್ ಆಗಬೇಕೆನ್ನುವ ಹುಡುಗಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ (ಎಐಎಫ್‌ಎಫ್) ಆರಂಭದ ಹಂತದ ಲೈಸೆನ್ಸ್‌ನಿಂದ ಶುರು ಮಾಡಿ ಮೇಲೇರಬೇಕು, ಕೆಲಸ ಹುಡುಕಬೇಕಾದ್ದು ಕ್ಲಬ್ ಮತ್ತು ಅಕಾಡೆಮಿಗಳಲ್ಲಿ. ಅದು ಬೇರೆಯದೇ ದಾರಿ, ಇನ್ನೊಮ್ಮೆ ಬರೆಯುತ್ತೇನೆ.

ನಿಮ್ಮ ಮಗಳು ಈಗ ಏನು ಮಾಡಬೇಕು? ಸೀಸನ್ ಮುಗಿದ ಮೇಲೆ ತನ್ನ ಹೆಡ್ ಕೋಚ್ ಹತ್ತಿರ ಹೋಗಿ, ವಸಂತದ ಅಭ್ಯಾಸದಲ್ಲಿ ಒಂದು ಭಾಗ ನಡೆಸಲು ಅವಕಾಶ ಕೇಳಲಿ. ಯುಎಸ್ ಸಾಕರ್‌ನ ಗ್ರಾಸ್‌ರೂಟ್ಸ್ ಕೋರ್ಸ್ ಮುಗಿಸಿ ಡಿ ಲೈಸೆನ್ಸ್‌ಗೆ ಹೆಸರು ಹಾಕಲಿ. ಜನವರಿಯಲ್ಲಿ ಯುನೈಟೆಡ್ ಸಾಕರ್ ಕೋಚಸ್ ಸಂಘದ ಸಮ್ಮೇಳನ ನಡೆಯುತ್ತದೆ. ಉಪನ್ಯಾಸಗಳು ಒಳಗೆ, ಕೆಲಸದ ಮಾತುಕತೆ ಹೋಟೆಲ್ ಲಾಬಿಯಲ್ಲಿ. ನನಗೆ ಎರಡನೇ ಕೆಲಸ ಸಿಕ್ಕಿದ್ದು ಲಿಫ್ಟ್ ಮುಂದೆ ನಿಂತಿದ್ದಾಗ. ಅಲ್ಲಿಗೆ ಹೋಗುವ ಖರ್ಚನ್ನು, ನಿಮಗೆ ಸಾಧ್ಯವಾದರೆ, ನೀವೇ ಕೊಡಿ.

ಆಮೇಲೆ ಜೂನ್‌ನಲ್ಲಿ ಯಾವುದಾದರೂ ಕಾಲೇಜಿನ ಕ್ಯಾಂಪ್‌ನಲ್ಲಿ ಒಂದು ವಾರ ಪೂರ್ತಿ ಕೆಲಸ ಮಾಡಲಿ. ಎಂಟು ವರ್ಷದವರ ಗುಂಪನ್ನೇ ಕೇಳಿ ತೆಗೆದುಕೊಳ್ಳಲಿ. ದಿನಕ್ಕೆ ಮೂವತ್ತು ಸಲ ಶೂ ಲೇಸ್ ಕಟ್ಟಬೇಕಾಗುತ್ತದೆ, ಒಬ್ಬಳಾದರೂ ಅಮ್ಮ ಬೇಕು ಅಂತ ಅಳುತ್ತಾಳೆ. ಶುಕ್ರವಾರ ಸಂಜೆ ಮನೆಗೆ ಬಂದಾಗ ಏನನ್ನೂ ಕೇಳಬೇಡಿ. ಊಟಕ್ಕೆ ಕೂತವಳು ತಾನಾಗಿಯೇ ಆ ಮಕ್ಕಳ ಹೆಸರು ಹೇಳಿ ಮಾತು ಶುರು ಮಾಡಿದರೆ, ಫಿಸಿಯೋಥೆರಪಿ ಅರ್ಜಿಯನ್ನು ಎರಡು ವರ್ಷ ಮುಂದೆ ಹಾಕಿ. ಆ ಕೋರ್ಸ್ ಎಲ್ಲಿಗೂ ಓಡಿಹೋಗಲ್ಲ.